ಆ ಹುಡುಗ ಚೇಷ್ಟೆ ಮಾಡುತ್ತಿರಲಿಲ್ಲ

ಕಳೆದ ವರ್ಷ ಮಕ್ಕಳ ಕಾರ್ಯಕ್ರಮದಲ್ಲಿ ನಮ್ಮಿಂದಲೇ ಆದ ತಪ್ಪೊಂದನ್ನು ಮೊದಲು ಒಪ್ಪಿಕೊಂಡುಬಿಡುತ್ತೇವೆ. ಧಾರಾವಿಯ 90 ಅಡಿ ರಸ್ತೆಯ ಕಡೆಯಿಂದ ಬಂದಿದ್ದ ಹುಡುಗನೊಬ್ಬ ಪ್ರಾರ್ಥನೆಯ ನಡುವೆ ಕತ್ತು ಕೊಂಕಿಸಿ, ಕಣ್ಣು ಮಿಟುಕಿಸಿ, ಗಂಟಲಿನಿಂದ ವಿಚಿತ್ರ ಸದ್ದು ಹೊರಡಿಸಿದ. ಒಮ್ಮೆಯಲ್ಲ, ಹತ್ತು ಸಲ. ಮಕ್ಕಳು ಅಣಕಿಸಿ ನಕ್ಕರು. "ಸುಮ್ಮನಿರೋ" ಎಂದು ಗದರಿಸಿ ಅವನನ್ನು ಹೊರಗೆ ಕೂರಿಸಿದವರು ನಾವೇ. "ಅಂವ ಬೇಕಂತ ಮಾಡಲ್ರಿ ಅಣ್ಣಾ" ಎಂದು ಕಲಬುರ್ಗಿ ಕಡೆಯ ಆ ತಾಯಿ ಅಂಗಲಾಚಿದ್ದು ಆಗ ನಮ್ಮ ಕಿವಿಗೆ ಬೀಳಲಿಲ್ಲ.

ಆಕೆ ಹೇಳಿದ್ದು ಅಕ್ಷರಶಃ ನಿಜ. 1885ರಲ್ಲಿ ಫ್ರಾನ್ಸಿನ ವೈದ್ಯ ಜಿಲ್ ದ ಲಾ ಟುರೆಟ್ ಇಂಥ 9 ಮಂದಿ ರೋಗಿಗಳ ವಿವರ ಬರೆದ. ಅಂದಿನಿಂದ ಇದಕ್ಕೆ ಟುರೆಟ್ ಸಿಂಡ್ರೋಮ್ ಎಂದೇ ಹೆಸರು. ಇದು ಮಿದುಳು ನರಗಳಿಗೆ ಸಂಬಂಧಿಸಿದ್ದು. ದೆವ್ವದ ಕಾಟವಲ್ಲ, ದೃಷ್ಟಿದೋಷವಲ್ಲ, ಹೆತ್ತವರ ಮುದ್ದಿನ ಫಲವಂತೂ ಅಲ್ಲ. ಎಳೆತನದಲ್ಲೇ ಕಾಣಿಸಿಕೊಂಡು, ಸಾಮಾನ್ಯವಾಗಿ 10-12ರ ಪ್ರಾಯದಲ್ಲಿ ಉಲ್ಬಣಿಸಿ, ಅನೇಕರಲ್ಲಿ ಯೌವನದ ಹೊತ್ತಿಗೆ ತಗ್ಗುತ್ತದೆ. ಎಂದರೆ, ಮಾಸ್ತರರ ಕೈಯಲ್ಲಿ ಪೆಟ್ಟು ತಿನ್ನುವ ವಯಸ್ಸಿಗೇ ಸರಿಯಾಗಿ ಅದರ ಜೋರು! ಕೆಟ್ಟ ಮಾತು ತಾನಾಗಿ ಬಾಯಿಗೆ ಬರುವುದು ಕೆಲವರಿಗೆ ಮಾತ್ರ, ಎಲ್ಲರಿಗೂ ಅಲ್ಲ.

ತಡೆದುಕೊಳ್ಳಬಾರದೇ ಎಂದು ಕೇಳುವವರು ನಮ್ಮಲ್ಲಿ ಬಹಳ. ಬಂದ ಸೀನನ್ನು ತಾವೆಷ್ಟು ಹೊತ್ತು ತಡೆದಾರು? ಸ್ವಲ್ಪ ಹೊತ್ತು ಬಿಗಿಹಿಡಿಯಬಹುದು. ಒಳಗಿನ ಒತ್ತಡ ಏರುತ್ತಲೇ ಇರುತ್ತದೆ. ಗದರಿಕೆಯಿಂದ, ಭಯದಿಂದ ಅದು ಹೆಚ್ಚುತ್ತದೆ. ಶಾಲೆಯಲ್ಲಿ ದಿನವೆಲ್ಲ ಬಿಗಿಹಿಡಿದ ಮಗು ಮನೆಗೆ ಬಂದು ಹಗುರವಾಗಬೇಕು. ಆದರೆ ಧಾರಾವಿಯ ಮನೆ ಎಂದರೆ ಎಂಥದು? ಹತ್ತಡಿಯ ಖೋಲಿ, ಅದರಲ್ಲಿ ಐದಾರು ಜನ, ಎರಡು ಸಂಸಾರಗಳಿಗೆ ನಡುವೆ ಒಂದೇ ಗೋಡೆ. ಮಾಟುಂಗದ ಫ್ಲ್ಯಾಟಿನ ಮಗುವಿಗೆ ಬಾಗಿಲು ಹಾಕಿಕೊಳ್ಳಲು ಕೋಣೆಯುಂಟು. ಈ ಮಗುವಿನ ಪ್ರತಿಯೊಂದು ಸದ್ದೂ ಗಲ್ಲಿಗೆಲ್ಲ ಕೇಳಿಸುತ್ತದೆ. ನೆರೆಯವರು ಸಹಿಸಿದರೆ ಉಂಟು, ಇಲ್ಲವಾದರೆ ಅದಕ್ಕೆ ಎಲ್ಲಿಯೂ ಜಾಗವಿಲ್ಲ. ಆ ನೆರೆಯವರಲ್ಲಿ ನಮ್ಮ ಕನ್ನಡಿಗರೂ ಇದ್ದಾರೆ. "ಹುಚ್ಚ" ಎಂದು ಕರೆಯುವವರಲ್ಲೂ ಇದ್ದಾರೆ.

2018ರಲ್ಲಿ 'ಹಿಚ್ಕಿ' ಚಿತ್ರ ಬಂದಾಗ, ಟುರೆಟ್ ಇರುವ ಅಧ್ಯಾಪಿಕೆಯ ಪಾತ್ರದಲ್ಲಿ ರಾಣಿ ಮುಖರ್ಜಿಯನ್ನು ಕಂಡು ಕಣ್ಣೊರೆಸಿಕೊಂಡವರು ನಾವು. ಟಿಕೇಟು ಕೊಟ್ಟು ಅಳುವುದಕ್ಕೆ ಏನು ಕಷ್ಟ! 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿತು; ಟುರೆಟ್‌ನ ಹೆಸರು ಅದರಲ್ಲಿರಲಿಲ್ಲ. ಕಾಯಿದೆಗೇ ಕಾಣದವನನ್ನು ಬಂಧುಬಳಗವೂ ಕಾಣದಿದ್ದರೆ ಹೇಗೆ?

ತಾಯತ, ಮಂತ್ರವಾದಿಗಳಿಗೆ ಸುರಿಯುವ ಹಣ ಉಳಿಯಲಿ. ಸಯನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆ ಧಾರಾವಿಗೆ ಮಗ್ಗುಲಲ್ಲೇ ಇದೆ. ಮೈ ಸೆಳೆಯುವ ಮುನ್ಸೂಚನೆಯನ್ನು ಗುರುತಿಸಿ ಬೇರೊಂದು ಚಲನೆಯನ್ನು ರೂಢಿಸಿಕೊಳ್ಳುವ ತರಬೇತಿಯುಂಟು, ಬೇಕಾದವರಿಗೆ ಔಷಧವುಂಟು. ಎಷ್ಟೋ ಮಕ್ಕಳಿಗೆ ಇವೆರಡೂ ಬೇಕಾಗುವುದಿಲ್ಲ. ಎಲ್ಲರೂ ತಿರುಗಿ ನೋಡುವುದನ್ನು ನಿಲ್ಲಿಸಿದರೆ ಸಾಕು.

ಈ ಸಲದ ಕಾರ್ಯಕ್ರಮಕ್ಕೆ ಆ ತಾಯಿಯನ್ನೂ ಮಗನನ್ನೂ ಮನೆಗೆ ಹೋಗಿ ಕರೆದು ಬಂದಿದ್ದೇವೆ. ಬರುತ್ತೇವೆಂದು ಆಕೆ ಇನ್ನೂ ಹೇಳಿಲ್ಲ.