ಎದೆಯೊಳಗಿನ ಬ್ಯಾಟರಿಗೂ ಒಂದು ರಾಜಕಾರಣವಿದೆ

2025ರ ಜೂನ್-ಜುಲೈನಲ್ಲಿ ಕರ್ನಾಟಕದ ಬಾಯಲ್ಲಿ ಹೃದಯದ್ದೇ ಮಾತು. ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರು ಅನ್ನೋ ಸುದ್ದಿ ಬಂತು. ಟಿವಿ ಚಾನೆಲ್‌ಗಳು ಕ್ರಿಕೆಟ್ ಸ್ಕೋರ್ ಥರ ದಿನಾ ಸಾವಿನ ಲೆಕ್ಕ ಕೊಟ್ಟವು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ತಪಾಸಣೆಗಾಗಿ ಜನ ಮುಗಿಬಿದ್ದರು. ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ವರದಿ ಕೊಟ್ಟಿತು, ಕೋವಿಡ್ ಲಸಿಕೆಗೂ ಈ ಸಾವುಗಳಿಗೂ ನೇರ ನಂಟಿಲ್ಲ ಅಂದಿತು. ಅಲ್ಲಿಗೆ ಚರ್ಚೆ ತಣ್ಣಗಾಯಿತು.

ಆ ಇಡೀ ಚರ್ಚೆಯಲ್ಲಿ ಹೃದಯಕ್ಕೆ ಎರಡೇ ಸ್ಥಿತಿ ಇತ್ತು: ಚೆನ್ನಾಗಿರೋದು, ಇಲ್ಲಾ ಹಠಾತ್ತಾಗಿ ನಿಲ್ಲೋದು. ಇವೆರಡರ ಮಧ್ಯೆ ದಶಕಗಟ್ಟಲೆ ಬದುಕುವ ನಮ್ಮಂಥವರ ಬಗ್ಗೆ ಒಂದು ಮಾತೂ ಬರಲಿಲ್ಲ. ನನಗೀಗ 32 ವರ್ಷ. ಹುಟ್ಟಿನಿಂದಲೇ ‘ಹಾರ್ಟ್ ಬ್ಲಾಕ್’. 12ನೇ ವಯಸ್ಸಿಗೆ ಮೊದಲ ಪೇಸ್‌ಮೇಕರ್, 21ಕ್ಕೆ ಎರಡನೆಯದು. ಈಗ ಅದರ ಬ್ಯಾಟರಿ ಮುಗೀತಾ ಬಂದಿದೆ. ಜೊತೆಗೆ 20 ವರ್ಷ ಹಳೆಯ ಲೀಡ್, ಅಂದರೆ ಪೇಸ್‌ಮೇಕರ್‌ನಿಂದ ಹೃದಯಕ್ಕೆ ಹೋಗುವ ತಂತಿ ಕೂಡ ಸವೆದಿರುವ ಲಕ್ಷಣ ತೋರಿಸ್ತಿದೆ. ಇದನ್ನು ಹೇಳ್ತಿರೋದು ಅನುಕಂಪಕ್ಕಲ್ಲ. ಒಂದು ಬೆಂಕಿಪೊಟ್ಟಣದ ಗಾತ್ರದ ಸಾಧನಕ್ಕೆ ಬೆಲೆ ಯಾರು ಕಟ್ಟುತ್ತಾರೆ, ಅದು ಎಷ್ಟು ವರ್ಷ ಬಾಳಬೇಕು ಅಂತ ಯಾರು ತೀರ್ಮಾನಿಸುತ್ತಾರೆ, ಕೆಟ್ಟರೆ ಯಾರಿಗೆ ತಿಳಿಸುತ್ತಾರೆ? ಇವು ಶುದ್ಧ ರಾಜಕೀಯ ಪ್ರಶ್ನೆಗಳು.

ನಲ್ಲಿ ಬೇರೆ, ವೈರಿಂಗ್ ಬೇರೆ

ಮೊದಲು ಒಂದು ಗೊಂದಲ ಬಗೆಹರಿಸೋಣ. ಹೃದಯಾಘಾತ ಅಂದರೆ ಮನೆಯ ನಲ್ಲಿ ಪೈಪು ಕಟ್ಟಿಕೊಂಡ ಹಾಗೆ, ರಕ್ತನಾಳದಲ್ಲಿ ತಡೆ. ಅದಕ್ಕೆ ಸ್ಟೆಂಟ್. ನನ್ನದು ವೈರಿಂಗ್ ಸಮಸ್ಯೆ. ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ‘ಬಡಿ’ ಅನ್ನೋ ವಿದ್ಯುತ್ ಸಂದೇಶ ಇಳಿಯೋದಿಲ್ಲ. ಹೆಸರಲ್ಲಿ ‘ಬ್ಲಾಕ್’ ಇದೆ ಅಂತ ಸ್ಟೆಂಟ್ ಹಾಕೋಕಾಗಲ್ಲ. ಪೇಸ್‌ಮೇಕರ್ ಆ ಸಂದೇಶವನ್ನು ಕೊಡುತ್ತೆ. ನಿಮಿಷಕ್ಕೆ 60 ಬಡಿತ ಅಂದರೂ ದಿನಕ್ಕೆ 86,400. ರಜೆ ಇಲ್ಲ, ಹಬ್ಬ ಇಲ್ಲ.

‘ಬ್ಯಾಟರಿ ಬದಲಾವಣೆ’ ಅನ್ನೋದು ಕೂಡ ದಾರಿ ತಪ್ಪಿಸುವ ಪದವೇ. ಗಡಿಯಾರದ ಸೆಲ್ ಬದಲಿಸಿದ ಹಾಗೆ ಅಂತ ಬಹಳ ಜನ ತಿಳಿದಿದ್ದಾರೆ. ಬ್ಯಾಟರಿಯನ್ನು ಟೈಟಾನಿಯಂ ಡಬ್ಬಿಯೊಳಗೆ ಸೀಲ್ ಮಾಡಿರ್ತಾರೆ. ಹಾಗಾಗಿ ಇಡೀ ಡಬ್ಬಿಯನ್ನೇ ತೆಗೆದು ಹೊಸದು ಇಡಬೇಕು. ಕಾಲರ್ ಎಲುಬಿನ ಕೆಳಗೆ ಹಳೇ ಗಾಯದ ಜಾಗದಲ್ಲೇ ಮತ್ತೆ ಕೊಯ್ಯಬೇಕು. ಸಾಮಾನ್ಯವಾಗಿ 8ರಿಂದ 12 ವರ್ಷಕ್ಕೊಮ್ಮೆ ಇದು ಬರುತ್ತೆ. ಎಪ್ಪತ್ತರ ವಯಸ್ಸಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡ ಅಜ್ಜನಿಗೆ ಒಂದು ಸಲ ಬಂದೀತು. ಹನ್ನೆರಡರಲ್ಲಿ ಹಾಕಿಸಿಕೊಂಡ ನನಗೆ? ಐದೋ ಆರೋ ಸಲ.

ಲೀಡ್‌ದು ಇನ್ನೂ ಕಷ್ಟ. ರಕ್ತನಾಳದೊಳಗಿಂದ ಹಾದು ಹೃದಯದ ಗೋಡೆಗೆ ಕಚ್ಚಿಕೊಂಡಿರುವ ತಂತಿ ಅದು. ಪ್ರತಿ ಬಡಿತಕ್ಕೂ ಬಾಗುತ್ತೆ, ತೋಳೆತ್ತಿದಾಗ ಎಲುಬುಗಳ ಮಧ್ಯೆ ಉಜ್ಜಿಕೊಳ್ಳುತ್ತೆ. ವರ್ಷ ಕಳೆದ ಹಾಗೆ ಸುತ್ತ ಮಾಂಸ ಬೆಳೆದು ಅಂಟಿಕೊಳ್ಳುತ್ತೆ. ಕೆಟ್ಟಾಗ ಎರಡು ದಾರಿ. ಹಳೆಯದನ್ನು ಅಲ್ಲೇ ಬಿಟ್ಟು ಪಕ್ಕದಲ್ಲಿ ಇನ್ನೊಂದು ತೂರಿಸೋದು, ಅಥವಾ ಲೇಸರ್‌ನಂಥ ಉಪಕರಣದಿಂದ ಬಿಡಿಸಿ ಹೊರತೆಗೆಯೋದು. ಮೊದಲನೆಯದು ಇವತ್ತಿಗೆ ಸುಲಭ, ಆದರೆ ನಾಳ ತುಂಬುತ್ತಾ ಹೋಗುತ್ತೆ. 32ರಲ್ಲಿ ಬಿಟ್ಟ ತಂತಿ 50ರಲ್ಲಿ ಕಾಡುತ್ತೆ. ಎರಡನೆಯದರಲ್ಲಿ ನುರಿತ ಕೈಗಳಲ್ಲೂ ನೂರಕ್ಕೆ ಒಂದೆರಡು ಪ್ರಕರಣಗಳಲ್ಲಿ ನಾಳವೋ ಹೃದಯವೋ ಹರಿಯುವಂಥ ಗಂಭೀರ ಅಪಾಯವಿದೆ.

ಬದಲಾವಣೆ ‘ಚಿಕ್ಕ ಆಪರೇಷನ್’ ಅನ್ನೋರಿಗೆ ಒಂದು ಅಂಕಿ. 2010ರಲ್ಲಿ ಪ್ರಕಟವಾದ ಅಮೆರಿಕದ ‘ರಿಪ್ಲೇಸ್’ ಅಧ್ಯಯನದಲ್ಲಿ, ಡಬ್ಬಿ ಮಾತ್ರ ಬದಲಿಸಿದವರಲ್ಲಿ ಆರು ತಿಂಗಳೊಳಗೆ ಶೇ 4ರಷ್ಟು ಜನರಿಗೆ ದೊಡ್ಡ ತೊಂದರೆ ಕಾಣಿಸಿಕೊಂಡಿತ್ತು. ಹೊಸ ಲೀಡ್ ಕೂಡ ಸೇರಿಸಲು ಯೋಜಿಸಿದವರಲ್ಲಿ ಅದು ಶೇ 15.3. ಅಂದರೆ ಪ್ರತಿ ಸಲ ಎದೆ ತೆರೆಯೋದಕ್ಕೂ ಒಂದು ಬೆಲೆ ಇದೆ. ಹಾಗಾದರೆ ಎಷ್ಟು ಸಲ ತೆರೀಬೇಕು ಅನ್ನೋದೇ ಮುಖ್ಯ ಪ್ರಶ್ನೆ ಆಗಬೇಕಲ್ವಾ?

ಬಾಳಿಕೆಗೆ ಲಾಭವಿಲ್ಲದ ಮಾರುಕಟ್ಟೆ

1958ರ ಅಕ್ಟೋಬರ್ 8ರಂದು ಸ್ಟಾಕ್‌ಹೋಮ್‌ನಲ್ಲಿ ಆರ್ನೆ ಲಾರ್ಸನ್ ಅವರ ದೇಹದೊಳಗೆ ಜಗತ್ತಿನ ಮೊದಲ ಪೇಸ್‌ಮೇಕರ್ ಇಟ್ಟರು. ಅದು ಕೆಲವೇ ಗಂಟೆ ನಡೀತು. ಲಾರ್ಸನ್ ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರ್ ಬದಲಿಸಿಕೊಂಡು 2001ರವರೆಗೆ, 86ರ ವಯಸ್ಸಿನ ತನಕ ಬದುಕಿದರು. 1970ರ ದಶಕದಲ್ಲಿ ಲಿಥಿಯಂ ಬ್ಯಾಟರಿ ಬಂದ ಮೇಲೆ ಬಾಳಿಕೆ ವರ್ಷಗಳ ಲೆಕ್ಕಕ್ಕೆ ಏರಿತು. ಆಮೇಲೆ ಸಾಧನ ಚಿಕ್ಕದಾಯ್ತು, ಬುದ್ಧಿವಂತ ಆಯ್ತು, ವೈರ್‌ಲೆಸ್ ಆಯ್ತು. ಬಾಳಿಕೆ ಮಾತ್ರ ಅದೇ ವೇಗದಲ್ಲಿ ಏರಲಿಲ್ಲ.

ಯಾಕೆ? 2016ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಜಾನ್ ಡೀನ್ ಮತ್ತು ನೀಲ್ ಸಲ್ಕ್ ಎಂಬ ಇಬ್ಬರು ಹೃದಯತಜ್ಞರು ಇದನ್ನು ನೇರವಾಗಿ ‘ಹಗರಣ’ ಅಂತಲೇ ಕರೆದರು. ಅವರ ವಾದ ಸರಳ: ಪೇಸ್‌ಮೇಕರ್ ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಬದಲಾವಣೆ ಬೇಕಾಗುತ್ತೆ, ಆದರೆ ಹೆಚ್ಚು ಕಾಲ ಬಾಳುವ ಸಾಧನ ಮಾಡಿದರೆ ಕಂಪನಿಯ ಮಾರಾಟ ಕಡಿಮೆ ಆಗುತ್ತೆ, ಆಸ್ಪತ್ರೆಯ ಆದಾಯವೂ ಕಡಿಮೆ ಆಗುತ್ತೆ. ಬಾಳಿಕೆ ಹೆಚ್ಚಿಸೋದರಿಂದ ಲಾಭ ಇರೋದು ರೋಗಿಗೆ ಮಾತ್ರ. ಮಾರುಕಟ್ಟೆಯಲ್ಲಿ ರೋಗಿಗೆ ಧ್ವನಿಯೇ ಇಲ್ಲ. ಫೋನಾದರೆ ನಾಲ್ಕು ರಿವ್ಯೂ ನೋಡಿ ಕೊಳ್ತೀವಿ. ಪೇಸ್‌ಮೇಕರ್‌ನ ಯಾರಾದರೂ ಹಾಗೆ ಆರಿಸ್ತಾರಾ? ತಲೆಸುತ್ತಿ ಬಿದ್ದು ಆಸ್ಪತ್ರೆ ಸೇರಿದವರಿಗೆ ಡಾಕ್ಟರ್ ಹೇಳಿದ್ದೇ ಮಾಡೆಲ್.

ನಮ್ಮಲ್ಲಿ ಇದಕ್ಕೆ ಟೆಂಡರ್ ಪದ್ಧತಿಯೂ ಸೇರುತ್ತೆ. ಸರ್ಕಾರಿ ಖರೀದಿಯಲ್ಲಿ ಕಡಿಮೆ ದರ ಹಾಕಿದವರಿಗೆ ಗೆಲುವು. ಉದಾಹರಣೆಗೆ ಲೆಕ್ಕ ಹಾಕಿ: 60,000 ರೂಪಾಯಿಯ ಸಾಧನ ಆರು ವರ್ಷ ಬಂದರೆ ವರ್ಷಕ್ಕೆ 10,000. 90,000ದ್ದು ಹನ್ನೆರಡು ವರ್ಷ ಬಂದರೆ ವರ್ಷಕ್ಕೆ 7,500, ಜೊತೆಗೆ ಒಂದು ಆಪರೇಷನ್ ಉಳೀತು. ಆದರೂ ಟೆಂಡರ್‌ನಲ್ಲಿ ಗೆಲ್ಲೋದು ಮೊದಲನೆಯದೇ. ಇದು ಉಳಿತಾಯ ಅಲ್ಲ. ಸರ್ಕಾರದ ಇವತ್ತಿನ ಖರ್ಚನ್ನು ರೋಗಿಯ ನಾಳಿನ ಎದೆಗೆ ವರ್ಗಾಯಿಸೋದು.

ಸ್ಟೆಂಟ್‌ಗೆ ಬಂದ ಮಿತಿ, ಪೇಸ್‌ಮೇಕರ್‌ಗೆ ಬರಲಿಲ್ಲ

2017ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಸ್ಟೆಂಟ್ ಬೆಲೆಗೆ ಮಿತಿ ಹಾಕಿತು. ಲಕ್ಷ ದಾಟುತ್ತಿದ್ದ ಔಷಧ ಲೇಪಿತ ಸ್ಟೆಂಟ್ 29,600 ರೂಪಾಯಿಗೆ ಇಳಿಯಿತು, ಬರಿಯ ಲೋಹದ್ದು 7,260ಕ್ಕೆ. ‘ಕಂಪನಿಗಳು ಓಡಿಹೋಗ್ತವೆ’ ಅಂತ ಕೂಗೆದ್ದಿತ್ತು. ಮಾರುಕಟ್ಟೆ ಮುಚ್ಚಲಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ಮಂಡಿ ಚಿಪ್ಪಿನ ಇಂಪ್ಲಾಂಟ್‌ಗಳಿಗೂ ಮಿತಿ ಬಂತು.

ಪೇಸ್‌ಮೇಕರ್‌ಗೆ ಅಂಥ ಮಿತಿ ಬರಲಿಲ್ಲ. 2020ರ ಏಪ್ರಿಲ್‌ನಿಂದ ಎಲ್ಲ ವೈದ್ಯಕೀಯ ಸಾಧನಗಳೂ ಕಾನೂನಿನ ಕಣ್ಣಲ್ಲಿ ‘ಔಷಧ’ವಾದವು ನಿಜ. ಅದರಿಂದ ಸಿಕ್ಕಿದ್ದು ಏನು? ಎಂಆರ್‌ಪಿಯನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸುವಂತಿಲ್ಲ ಅನ್ನೋ ನಿಯಮ. ಮೂಲ ಬೆಲೆಯೇ ಆಕಾಶದಲ್ಲಿದ್ದರೆ ಈ ನಿಯಮ ಏನು ಮಾಡೀತು? ಸ್ಟೆಂಟ್ ಬೇಕಾದವರ ಸಂಖ್ಯೆ ದೊಡ್ಡದು, ಅದು ಮತವಾಗಿಯೂ ಕಾಣುತ್ತೆ. ನಾವು ಚದುರಿಹೋದ ಸಣ್ಣ ಗುಂಪು.

ಯೋಜನೆಗಳು ಎಲ್ಲಿ ನಿಲ್ಲುತ್ತವೆ

ಕರ್ನಾಟಕ ಏನೂ ಮಾಡಿಲ್ಲ ಅನ್ನೋದು ಸುಳ್ಳಾಗುತ್ತೆ. ಜಯದೇವದಂಥ ಸರ್ಕಾರಿ ಸ್ವಾಯತ್ತ ಸಂಸ್ಥೆ ಎಷ್ಟೋ ರಾಜ್ಯಗಳಲ್ಲಿಲ್ಲ. ಬೆಂಗಳೂರು ಮಾತ್ರವಲ್ಲ, ಮೈಸೂರು, ಕಲಬುರಗಿಯಲ್ಲೂ ಇದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ಮಾಡಿ, ಹೃದಯಾಘಾತವಾದವರಿಗೆ ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ.

ಸಮಸ್ಯೆ ಇರೋದು ಯೋಜನೆಯ ಕಲ್ಪನೆಯಲ್ಲೇ. ಇವೆಲ್ಲ ‘ಘಟನೆ’ಗೆ ಹಣ ಕೊಡುತ್ತವೆ: ಆಘಾತ, ಆಪರೇಷನ್, ಡಿಸ್ಚಾರ್ಜ್. ಪೇಸ್‌ಮೇಕರ್ ಘಟನೆಯಲ್ಲ, ಸಂಬಂಧ. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಎದೆ ಮೇಲೆ ಪ್ರೋಗ್ರಾಮರ್ ಯಂತ್ರದ ತಲೆಯಿಟ್ಟು ಬ್ಯಾಟರಿ, ಲೀಡ್ ಎರಡನ್ನೂ ಪರೀಕ್ಷಿಸಬೇಕು. ಒಂದು ಕಂಪನಿಯ ಯಂತ್ರ ಇನ್ನೊಂದರ ಪೇಸ್‌ಮೇಕರನ್ನು ಓದೋದಿಲ್ಲ. ಎಷ್ಟೋ ಕಡೆ ಪರೀಕ್ಷೆ ಮಾಡೋದೇ ಕಂಪನಿಯ ಪ್ರತಿನಿಧಿ, ಅವರು ಬರುವ ದಿನಕ್ಕೆ ನಾವು ಹೋಗಬೇಕು. ನನ್ನೂರು ಹಿರಿಯೂರಿನ ಕಡೆ. ಶಾಲೆಗೆ ಹೋಗುವಾಗ ಹದಿನೈದು ನಿಮಿಷದ ಪರೀಕ್ಷೆಗೆ ಅಪ್ಪ ಒಂದು ದಿನದ ಕೂಲಿ ಬಿಟ್ಟು ನನ್ನನ್ನು ಬೆಂಗಳೂರಿಗೆ ಕರೆದುಕೊಂಡು ಬರ್ತಿದ್ದರು. ಕೊಪ್ಪಳದವರ, ಬೀದರ್‌ನವರ ಕಥೆ ನೀವೇ ಊಹಿಸಿ. ‘ಬ್ಯಾಟರಿ ಬದಲಿಸಿ’ ಅನ್ನೋ ಸೂಚನೆ ಬಂದ ಮೇಲೆ ಸಾಮಾನ್ಯವಾಗಿ ಮೂರು ತಿಂಗಳ ಅವಕಾಶ ಇರುತ್ತೆ. ಪರೀಕ್ಷೆಯೇ ಆಗದಿದ್ದರೆ ಆ ಸೂಚನೆಯನ್ನು ಯಾರು ನೋಡ್ತಾರೆ?

ಇನ್ನು ವಿಮೆ. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ, ಮೊದಲೇ ಇದ್ದ ಕಾಯಿಲೆಗೆ ಕಾಯಿಸಬಹುದಾದ ಗರಿಷ್ಠ ಅವಧಿಯನ್ನು ನಾಲ್ಕು ವರ್ಷದಿಂದ ಮೂರಕ್ಕೆ ಇಳಿಸಿತು. ಒಳ್ಳೇದೇ. ಆದರೆ ಪಾಲಿಸಿಯನ್ನೇ ಕೊಡದಿದ್ದರೆ? ನನಗೆ ಎರಡು ಕಂಪನಿಗಳು ‘ವಿಷಾದಿಸುತ್ತೇವೆ’ ಅಂತ ಇಮೇಲ್ ಕಳಿಸಿ ಕೈತೊಳೆದುಕೊಂಡವು. ಈಗ ನನಗಿರೋದು ಕೆಲಸದ ಕಡೆಯ ಗುಂಪು ವಿಮೆ. ಅಂದರೆ ಬಾಸ್ ಎಷ್ಟೇ ಕಾಡಿದರೂ, ಬೇರೆ ಕಡೆ ಒಳ್ಳೇ ಅವಕಾಶ ಸಿಕ್ಕರೂ, ಆಪರೇಷನ್ ಮುಗಿಯೋ ತನಕ ನಾನು ರಾಜೀನಾಮೆ ಕೊಡೋ ಹಾಗಿಲ್ಲ. ಗುತ್ತಿಗೆ ಕೆಲಸ, ಡೆಲಿವರಿ ಕೆಲಸ ಮಾಡುವವರಿಗೆ ಇಷ್ಟೂ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವರ್ಗಗಳಲ್ಲಿ ಹೃದ್ರೋಗ ಸೇರಿಲ್ಲ. ಕೆಲಸ ಕೊಡುವಾಗ ನಾವು ‘ಅನಾರೋಗ್ಯವಂತರು’, ಸೌಲಭ್ಯ ಕೇಳುವಾಗ ‘ಆರೋಗ್ಯವಂತರು’.

ಕೆಟ್ಟರೆ ಯಾರು ಹೇಳ್ತಾರೆ?

2017ರ ಆಗಸ್ಟ್‌ನಲ್ಲಿ ಅಮೆರಿಕದ ಎಫ್‌ಡಿಎ ಸುಮಾರು 4,65,000 ಪೇಸ್‌ಮೇಕರ್‌ಗಳ ಸಾಫ್ಟ್‌ವೇರ್ ಸರಿಪಡಿಸಬೇಕು ಅಂತ ಪ್ರಕಟಿಸಿತು. ಹ್ಯಾಕ್ ಮಾಡಬಹುದಾದ ದೋಷ ಅದರಲ್ಲಿತ್ತು. ಅಂಥದ್ದು ಇಲ್ಲಿ ಆದರೆ? ಸೊಂಟದ ಕೀಲಿನ ಕಥೆ ನೆನಪಿಸಿಕೊಳ್ಳಿ. ಜಾನ್ಸನ್ ಅಂಡ್ ಜಾನ್ಸನ್ ಸಮೂಹದ ಎಎಸ್‌ಆರ್ ಕೃತಕ ಕೀಲನ್ನು 2010ರಲ್ಲೇ ಜಗತ್ತಿನಾದ್ಯಂತ ವಾಪಸ್ ಪಡೆಯಲಾಯಿತು. ಭಾರತದಲ್ಲಿ ನಡೆದಿದ್ದ ಸುಮಾರು 4,700 ಶಸ್ತ್ರಚಿಕಿತ್ಸೆಗಳ ಪೈಕಿ 3,600ಕ್ಕೂ ಹೆಚ್ಚು ರೋಗಿಗಳ ಪತ್ತೆಯೇ ಇಲ್ಲ ಅನ್ನೋದು 2018ರಲ್ಲಿ ಬಯಲಾಯ್ತು. ದೋಷ ಇದೆ ಅಂತ ಕಂಪನಿಗೆ ಗೊತ್ತು, ಅದು ಯಾರ ದೇಹದಲ್ಲಿದೆ ಅಂತ ವ್ಯವಸ್ಥೆಗೇ ಗೊತ್ತಿಲ್ಲ. 2015ರಿಂದ ಸಾಧನಗಳ ದೋಷ ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮವೊಂದಿದೆ. ನಿಮ್ಮ ಮನೆಯಲ್ಲಿ ಸ್ಟೆಂಟ್, ಕೃತಕ ಮಂಡಿ ಹಾಕಿಸಿಕೊಂಡವರನ್ನು ಕೇಳಿ, ಅದರ ಹೆಸರು ಎಷ್ಟು ಜನ ಕೇಳಿದ್ದಾರೆ ನೋಡಿ. ನನ್ನ ಬಳಿ ಇರುವ ಏಕೈಕ ದಾಖಲೆ ಪರ್ಸಿನಲ್ಲಿರುವ ಒಂದು ಕಾರ್ಡು. ಅದು ಕಳೆದುಹೋದರೆ ನನ್ನ ಲೀಡ್‌ನ ಮಾಡೆಲ್ ನಂಬರ್ ಹುಡುಕೋದು ಪತ್ತೇದಾರಿ ಕೆಲಸ.

ಬೇಡಿಕೆಗಳು ದೊಡ್ಡವೇನಲ್ಲ

ಒಂದು, ಪೇಸ್‌ಮೇಕರ್ ಮತ್ತು ಲೀಡ್‌ಗಳಿಗೆ ಸ್ಟೆಂಟ್ ಮಾದರಿಯಲ್ಲೇ ಬೆಲೆ ಮಿತಿ. ಎರಡು, ಸರ್ಕಾರಿ ಟೆಂಡರ್‌ನಲ್ಲಿ ಸಾಧನದ ದರವಲ್ಲ, ಖಾತರಿ ಕೊಟ್ಟ ಬಾಳಿಕೆಯ ಪ್ರತಿ ವರ್ಷದ ದರ ಹೋಲಿಸಬೇಕು. ಅವಧಿಗೆ ಮೊದಲೇ ಬ್ಯಾಟರಿ ಮುಗಿದರೆ ಹೊಸ ಸಾಧನದ ಜೊತೆಗೆ ಆಪರೇಷನ್ ಖರ್ಚನ್ನೂ ಕಂಪನಿಯೇ ಕೊಡಬೇಕು. ಮೂರು, ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ತಿಂಗಳಿಗೊಂದು ದಿನ ಪೇಸ್‌ಮೇಕರ್ ತಪಾಸಣೆ. ಯಂತ್ರ ತರೋದು ಟೆಂಡರ್ ಗೆದ್ದ ಕಂಪನಿಯ ಹೊಣೆ ಅಂತ ಕರಾರಿನಲ್ಲೇ ಬರೀರಿ. ನಾಲ್ಕು, ದೇಹದೊಳಗೆ ಇಡುವ ಪ್ರತಿ ಸಾಧನಕ್ಕೂ ಕಡ್ಡಾಯ ನೋಂದಣಿ. ಹಸುವಿನ ಕಿವಿಗೆ 12 ಅಂಕಿಯ ಟ್ಯಾಗ್ ಹಾಕಿ ಲೆಕ್ಕ ಇಡುವ ದೇಶಕ್ಕೆ ಇದು ಅಸಾಧ್ಯವೇ? ಐದು, ಲೀಡ್ ಹೊರತೆಗೆಯುವ ಚಿಕಿತ್ಸೆಗೆ ನಿಜವಾದ ಖರ್ಚು ಭರಿಸುವ ಪ್ಯಾಕೇಜ್.

ಇವುಗಳಲ್ಲಿ ಬೆಲೆ ಮಿತಿ ಮತ್ತು ರಾಷ್ಟ್ರೀಯ ನೋಂದಣಿ ದೆಹಲಿಯ ಕೈಯಲ್ಲಿವೆ. ಉಳಿದದ್ದನ್ನು ವಿಧಾನಸೌಧ ಒಂದು ಆದೇಶದಲ್ಲಿ ಶುರು ಮಾಡಬಹುದು. ಹಾಸನದ ಸಾವುಗಳು ಗದ್ದಲ ಎಬ್ಬಿಸಿದ್ದು ಜನ ಹೆದರಿ ಬೀದಿಗೆ ಬಂದಿದ್ದರಿಂದ. ಬದುಕಿರುವವರ ನಿರ್ವಹಣೆಗೆ ಅಂಥ ಗದ್ದಲ ಆಗೋದಿಲ್ಲ, ಅದು ನಿಧಾನದ, ಬೇಸರ ತರಿಸುವ ಆಡಳಿತದ ಕೆಲಸ. ನಿಮ್ಮ ಶಾಸಕರು ಮುಂದಿನ ಸಲ ಉಚಿತ ಹೃದಯ ತಪಾಸಣಾ ಶಿಬಿರದ ಫ್ಲೆಕ್ಸ್ ಹಾಕಿಸಿದಾಗ ಒಂದೇ ಪ್ರಶ್ನೆ ಕೇಳಿ: ಜಿಲ್ಲಾಸ್ಪತ್ರೆಯಲ್ಲಿ ಪೇಸ್‌ಮೇಕರ್ ತಪಾಸಣೆ ಯಾವ ದಿನ?