ಬಳೆ ಅಡವಿಡುವ ಮುಂಚೆ



ಮಗ ಪಿಯುಸಿಯಲ್ಲಿ ಗಣಿತಕ್ಕೆ ನಪಾಸಾದರೆ ಮನೆಗೆ ಸೂತಕದ ಕಳೆ ಬಂದುಬಿಡುತ್ತದೆ. ಯಜಮಾನರು ಮಾತು ಬಿಡುತ್ತಾರೆ, ಹುಡುಗ ಊಟಕ್ಕೇ ಬರೋದಿಲ್ಲ. ಬಳೆ ಅಡವಿಟ್ಟಾದರೂ ಅವನನ್ನು ಪದವೀಧರನನ್ನಾಗಿ ಮಾಡಬೇಕೆಂದು ನಿಮ್ಮ ಹಟ. ಸ್ವಲ್ಪ ತಡೆಯಿರಿ.

ಮೊದಲು ತಟ್ಟೆ ಹಾಕಿ ಕೂರಿಸಿ, "ನಿಂಗೆ ಯಾವ ಕೆಲಸ ಇಷ್ಟ ಕಣಪ್ಪಾ?" ಅಂತ ಕೇಳಿ. ಕೆಟ್ಟ ಮಿಕ್ಸಿ ಬಿಚ್ಚಿ ಸರಿಮಾಡುವ ಹುಡುಗ ದಡ್ಡನಲ್ಲ.

ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಐ.ಟಿ.ಐ. ಸೇರಬಹುದು. ಎಲೆಕ್ಟ್ರಿಷಿಯನ್, ಫಿಟ್ಟರ್ ಕಲಿಕೆಗೆ 2 ವರ್ಷ, ವೆಲ್ಡರ್‌ಗೆ 1 ವರ್ಷ. ಆಮೇಲೆ 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಕಾರ್ಖಾನೆಯಲ್ಲಿ ಸ್ಟೈಪೆಂಡ್ ಪಡೆಯುತ್ತಲೇ ಕೆಲಸ ಕಲಿಯಲು ಅವಕಾಶವಿದೆ. ಪಾಲಿಟೆಕ್ನಿಕ್ ಡಿಪ್ಲೊಮಾ 3 ವರ್ಷದ್ದು. ಮುಂದೆ ಓದುವ ಮನಸ್ಸಾದರೆ ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗಿನ 2ನೇ ವರ್ಷಕ್ಕೇ ಸೇರಬಹುದು. ಪದವಿಯ ಬಾಗಿಲು ಮುಚ್ಚಿಹೋಗುವುದಿಲ್ಲ, ದಾರಿ ಸ್ವಲ್ಪ ಬಳಸು ಅಷ್ಟೆ. ಗಣಿತಕ್ಕೆ ಇನ್ನೊಮ್ಮೆ ಕಟ್ಟುವುದನ್ನೂ ಬಿಡಬೇಡಿ.

ಹೆಣ್ಣುಮಕ್ಕಳಿಗೂ ಇದೇ ಮಾತು. ಮಹಿಳಾ ಐ.ಟಿ.ಐ., ಮಹಿಳಾ ಪಾಲಿಟೆಕ್ನಿಕ್‌ಗಳೂ ಇವೆ.

ಸೇರಿಸುವ ಮುಂಚೆ ಎರಡು ವಿಷಯ ವಿಚಾರಿಸಿ: ಸಂಸ್ಥೆಗೆ ಸರ್ಕಾರದ ಮಾನ್ಯತೆ ಉಂಟೇ? ಅಲ್ಲಿ ಕಲಿತವರು ಈಗ ಎಲ್ಲಿ ದುಡಿಯುತ್ತಿದ್ದಾರೆ? ನೆರೆಯವರ ಮಗ ಏನು ಓದುತ್ತಿದ್ದಾನೆ ಅನ್ನೋದು ಮೂರನೆಯ ಪ್ರಶ್ನೆ ಆಗಬಾರದು.

ಬಳೆ ಸದ್ಯಕ್ಕೆ ಕೈಯಲ್ಲೇ ಇರಲಿ. ನಾಳೆ ಅವನು ಸ್ವಂತ ಅಂಗಡಿ ಇಡುವಾಗ ಬೇಕಾದೀತು. ಇವತ್ತು ಅವನಿಗೆ ಬೇಕಾಗಿರೋದು ಬಿಸಿ ಅನ್ನ, ಅಮ್ಮನ ಒಂದು ಮಾತು.