ಕಂತಿನ ದಿನ ಊರು ಯಾರ ಕಡೆ?



1980ರ ದಶಕದಲ್ಲಿ ಹಸಿರು ಶಾಲು ಹೊದ್ದ ನಮ್ಮ ಹಿರಿಯರು ಊರ ಬಾಗಿಲಿಗೆ ಒಂದು ಬೋರ್ಡು ಹಾಕಿದ್ದರು. ಊರಿನವರ ಅಪ್ಪಣೆ ಇಲ್ಲದೆ ಯಾವ ಅಧಿಕಾರಿಯೂ ಒಳಗೆ ಕಾಲಿಡಕೂಡದು ಅಂತ. 1980ರ ಜುಲೈನಲ್ಲಿ ನರಗುಂದ-ನವಲಗುಂದದ ರೈತರು ಬೆಟರ್‌ಮೆಂಟ್ ಲೆವಿ ವಿರುದ್ಧ ಎದ್ದು ಗುಂಡೇಟು ತಿಂದ ಮೇಲೆ ಬೆಳೆದ ಧೈರ್ಯ ಅದು. ವಸೂಲಿಗೆ ಜೀಪು ಬಂದು ಒಂದು ಮನೆಯ ಸಾಮಾನು ಹೊತ್ತುಕೊಂಡು ಹೋದರೆ, ಸಂಘದವರು ಗುಂಪಾಗಿ ಹೋಗಿ ಅದನ್ನು ವಾಪಸು ತಂದು ಆ ಮನೆಯಲ್ಲೇ ಇಡುತ್ತಿದ್ದರು. ಜಪ್ತಿಗೆ ಮರುಜಪ್ತಿ. ವಸೂಲಿಗೆ ಬಂದವನು ಹೊರಗಿನವನು, ಊರು ಒಂದು ಕಡೆ. ಲೆಕ್ಕ ಸಲೀಸಾಗಿತ್ತು.

ಈಗ ಆ ಬೋರ್ಡು ಯಾರಿಗೆ ಹಾಕೋಣ ಹೇಳಿ?

ವಾರಕ್ಕೊಂದು ದಿನ ಬೆಳಿಗ್ಗೆ ಬೈಕಿನ ಮೇಲೆ ಬ್ಯಾಗು ನೇತುಹಾಕಿಕೊಂಡು ಒಬ್ಬ ಹುಡುಗ ಬರುತ್ತಾನೆ. ಅವನೂ ಯಾವುದೋ ಊರಿನ ರೈತನ ಮಗನೇ, ಸಂಬಳಕ್ಕೆ ದುಡಿಯುವವನು. ಅವನು ಯಾರ ಮನೆಯ ಪಾತ್ರೆಯನ್ನೂ ಮುಟ್ಟಬೇಕಾಗಿಲ್ಲ. ಹತ್ತು ಹೆಣ್ಣುಮಕ್ಕಳ ಗುಂಪಿನಲ್ಲಿ ಒಬ್ಬಳು ಕಂತು ತಂದಿಲ್ಲ ಅಂದರೆ, "ನಾನು ಇಲ್ಲೇ ಕೂತಿರ್ತೀನಿ, ನೀವ್ ನೀವೇ ಮಾತಾಡ್ಕಳಿ" ಅಂತ ಜಗಲಿ ಮೇಲೆ ಕೂರುತ್ತಾನೆ, ಅಷ್ಟೆ. ಉಳಿದ ಒಂಬತ್ತು ಜನ ಅವಳ ಮನೆ ಬಾಗಿಲಿಗೆ ಹೋಗುತ್ತಾರೆ. ಅವರಿಗೂ ಕೂಲಿಗೆ ಹೊತ್ತಾಗಿರುತ್ತದೆ. ಅವಳು ಕಟ್ಟದಿದ್ದರೆ ಇವರೇ ಹಂಚಿಕೊಂಡು ಕಟ್ಟಬೇಕು, ಇಲ್ಲದಿದ್ದರೆ ಮುಂದಿನ ಸಾಲ ಯಾರಿಗೂ ಇಲ್ಲ. ಬಾಣಂತನದಲ್ಲಿ ನೀರು ಕಾಯಿಸಿ ಕೊಟ್ಟವಳೇ ಬೀದಿಯಲ್ಲಿ ನಿಂತು ಮಾನ ಹೋಗುವ ಮಾತಾಡುತ್ತಾಳೆ. ಸಂಜೆಗೆ ಇಬ್ಬರೂ ಒಂದೇ ನಲ್ಲಿಗೆ ಬಿಂದಿಗೆ ಇಡಬೇಕು. ಇಂಥ ಮನೆಗಳ ನಡುವೆ ಮುಯ್ಯಾಳು ನಿಂತದ್ದನ್ನು, ಮದುವೆಗೆ ಕರೆಯುವುದು ತಪ್ಪಿದ್ದನ್ನು ನಾನು ಕಂಡಿದ್ದೇನೆ. ಜಪ್ತಿ ಅಧಿಕಾರಿಯನ್ನು ನಮ್ಮ ಕೇರಿಯೊಳಗೇ ತಯಾರು ಮಾಡಿಬಿಟ್ಟಿದ್ದಾರೆ, ಅದೂ ಸಂಬಳ ಕೊಡದೆ!

ಸಾಲ ಮಾಡಿದ್ದು ಯಾಕೆ, ಸೀರೆಗಾ? ಅಂತ ಅರಳಿಕಟ್ಟೆ ಮೇಲೆ ಕೂತು ಕೇಳುವ ಗಂಡಸರಿದ್ದಾರೆ. ಅವರ ಬೋರ್‌ವೆಲ್ಲಿಗೆ ಸ್ವಾಮಿ, ಅವರು ಗಿರವಿ ಇಟ್ಟ ಅವಳದೇ ಒಡವೆ ಬಿಡಿಸುವುದಕ್ಕೆ. ಸೊಸೈಟಿಯಲ್ಲಿ ಬಡ್ಡಿಯಿಲ್ಲದ ಬೆಳೆ ಸಾಲದ ಮಿತಿಯನ್ನು ಸರ್ಕಾರ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಪಹಣಿ ಗಂಡನ ಹೆಸರಲ್ಲೋ ಮಾವನ ಹೆಸರಲ್ಲೋ ಇರುವ ಹೆಣ್ಣಿಗೆ ಅದರಿಂದ ಏನು ಬಂತು? ಪಹಣಿ ಇದ್ದವರಿಗಾದರೂ ಸಿಕ್ಕಿತೇ ಅಂದರೆ, ನಬಾರ್ಡ್ ನಮ್ಮ ರಾಜ್ಯಕ್ಕೆ ರಿಯಾಯಿತಿ ಬಡ್ಡಿಯಲ್ಲಿ ಕೊಡುತ್ತಿದ್ದ ಹಣವನ್ನು 2024-25ರಲ್ಲಿ 5,600 ಕೋಟಿಯಿಂದ 2,340 ಕೋಟಿಗೆ ಇಳಿಸಿತು. ಬೆಂಗಳೂರು ದೆಹಲಿಯನ್ನು ಬೈಯಿತು, ದೆಹಲಿ ಬೆಂಗಳೂರನ್ನು ಬೈಯಿತು. ಬೈಕಿನ ಹುಡುಗ ಮಾತ್ರ ಯಾರನ್ನೂ ಬೈಯದೆ ಮನೆ ಬಾಗಿಲಿಗೇ ಬಂದು, ಆಧಾರ್ ಕಾರ್ಡು ನೋಡಿ ದುಡ್ಡು ಕೊಟ್ಟ.

2025ರ ಜನವರಿಯಲ್ಲಿ ಚಾಮರಾಜನಗರ ಕಡೆಯ ಹಳ್ಳಿಗಳಲ್ಲಿ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಓದಿದಿರಿ. ಆಮೇಲೆ ಸರ್ಕಾರ ಎಚ್ಚೆತ್ತು ಸುಗ್ರೀವಾಜ್ಞೆ ಬರೆಯಿತು. ಶಿಕ್ಷೆ ಅತಿಯಾಯಿತು ಅಂತ ರಾಜ್ಯಪಾಲರು ಒಮ್ಮೆ ವಾಪಸು ಕಳಿಸಿ, ಫೆಬ್ರವರಿ 12ರಂದು ಸಹಿ ಹಾಕಿದರು. ಕಿರುಕುಳ ಕೊಟ್ಟರೆ 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ. ಕೇಳಲು ಚೆನ್ನಾಗಿದೆ. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಕಂಪನಿಗಳಿಗೆ ಅದು ತಾಗುವುದಿಲ್ಲ. ಅವರಿಗೆ ರಿಸರ್ವ್ ಬ್ಯಾಂಕೇ 2022ರಲ್ಲಿ ನಿಯಮ ಮಾಡಿದೆ: ಎಲ್ಲ ಸಾಲದ ಕಂತೂ ಸೇರಿ ಮನೆಯ ತಿಂಗಳ ಆದಾಯದ ಅರ್ಧ ಮೀರಬಾರದು, ಬೆಳಿಗ್ಗೆ 9ಕ್ಕೆ ಮುಂಚೆ ಸಂಜೆ 6ರ ಮೇಲೆ ಫೋನು ಮಾಡಿ ಕಾಡಬಾರದು. ನಿಮ್ಮೂರಲ್ಲಿ ಯಾರಾದರೂ ಆ ಆದಾಯವನ್ನು ನಿಜವಾಗಿ ಲೆಕ್ಕ ಹಾಕಿದ್ದಾರಾ? ಬಡ್ಡಿ ಇಷ್ಟೇ ಇರಬೇಕು ಅಂತ ಮಾತ್ರ ಆ ನಿಯಮದಲ್ಲಿ ಮಿತಿ ಇಡಲಿಲ್ಲ.

ಇನ್ನೊಂದು ಕಾನೂನು ನೋಡಿ. ಕಬ್ಬು ನಿಯಂತ್ರಣ ಆದೇಶ, 1966ರದ್ದು. ಕಬ್ಬು ಹಾಕಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ ಸೇರಿಸಿ ಕೊಡಬೇಕು. ಆ ಬಡ್ಡಿ ಕೈಗೆ ಬಂದ ಪುಣ್ಯವಂತರು ನಮ್ಮ ಓದುಗರಲ್ಲಿ ಇದ್ದರೆ ಪತ್ರ ಬರೆಯಿರಿ, ಮೊದಲ ಪುಟದಲ್ಲೇ ಹಾಕುತ್ತೇವೆ. 2025ರ ನವೆಂಬರ್‌ನಲ್ಲಿ ಗುರ್ಲಾಪುರದ ರಸ್ತೆಯಲ್ಲಿ ರೈತರು ಹಗಲೂ ರಾತ್ರಿ ಕೂತು ಟನ್ನಿಗೆ 3,500 ಕೇಳಿ 3,300 ಪಡೆದರು. ನಮಗೆ ಬರಬೇಕಾದ ದುಡ್ಡಿಗೆ ಹೆದ್ದಾರಿ ತಡೆಯಬೇಕು. ನಾವು ಕೊಡಬೇಕಾದ ದುಡ್ಡಿಗೆ ಪಕ್ಕದ ಮನೆಯವಳೇ ಬಾಗಿಲಿಗೆ ಬರುತ್ತಾಳೆ. ಬೆಲೆಯ ಪ್ರಶ್ನೆ ಬೇರೆ, ಸಾಲದ ಪ್ರಶ್ನೆ ಬೇರೆ ಅನ್ನುವ ಪಂಡಿತರು ಇದಕ್ಕೆ ಉತ್ತರ ಹೇಳಲಿ.

ನಮ್ಮವರನ್ನೂ ಬಿಡುವುದಿಲ್ಲ. ಸೊಸೈಟಿ ಚುನಾವಣೆಯಲ್ಲಿ ಹಸಿರು ಶಾಲು ಹಾಕಿಕೊಂಡು ಗೆದ್ದು, ಸಾಲ ಹಂಚುವಾಗ ತಮ್ಮ ಜಾತಿ, ತಮ್ಮ ಬೀಗರು ಅಂತ ನೋಡುವ ನಿರ್ದೇಶಕರಿದ್ದಾರೆ. ಘಟಕದ ಸಭೆಗೆ ಹೆಣ್ಣುಮಕ್ಕಳನ್ನು ಕರೆಯುವುದು ಊಟ ಬಡಿಸುವುದಕ್ಕೆ. ಹೀಗಿದ್ದ ಮೇಲೆ ಅವರು ತಮ್ಮ ಕಷ್ಟವನ್ನು ನಮ್ಮ ಹತ್ತಿರ ಯಾಕೆ ಹೇಳಬೇಕು?

ಸಾಲ ಕಟ್ಟಬೇಡಿ ಅಂತ ನಾನು ಹೇಳುತ್ತಿಲ್ಲ. ಒಬ್ಬಳ ಕಂತಿಗೆ ಇನ್ನೊಬ್ಬಳನ್ನು ಛೂ ಬಿಡುವುದು ನಿಲ್ಲಬೇಕು. ಮುಂದಿನ ಕಂತಿನ ದಿನ ಘಟಕದ ಇಬ್ಬರು ಆ ಜಗಲಿಗೆ ಹೋಗಿ ಕೂರಿ. ಗಲಾಟೆ ಬೇಡ, ಪುಸ್ತಕ ಪೆನ್ನು ಸಾಕು. ಯಾರ ಸಾಲ ಎಷ್ಟು, ಬಡ್ಡಿ ಎಷ್ಟು, ಕಂಪನಿ ನೋಂದಣಿ ಆಗಿದೆಯೋ ಇಲ್ಲವೋ ಬರೆದುಕೊಳ್ಳಿ. ಕಟ್ಟಲಾಗದವಳಿಗೆ ಗಡುವು ಕೇಳುವ ಅರ್ಜಿಯನ್ನು ಊರೇ ಕೊಡಲಿ, ಹತ್ತೂ ಜನ ಅದಕ್ಕೆ ರುಜು ಹಾಕಲಿ. ನೋಂದಣಿ ಇಲ್ಲದವನಾದರೆ ಡಿಸಿ ಕಚೇರಿಗೆ ದೂರು ಹೋಗಲಿ. ಪಟ್ಟಿಯ ಒಂದು ಪ್ರತಿಯನ್ನು ಈ ಪತ್ರಿಕೆಗೆ ಕಳಿಸಿ. ಹಳೇ ಬೋರ್ಡು ಇನ್ನೂ ಉಳಿದಿದ್ದರೆ ಕೆಳಗೆ ಇನ್ನೊಂದು ಸಾಲು ಬರೆಸಿ: ಈ ಊರಲ್ಲಿ ಕಂತಿನ ಮಾತು ಊರ ಮುಂದೆ, ಮನೆ ಬಾಗಿಲಲ್ಲಿ ಅಲ್ಲ. ಬಣ್ಣದ ಖರ್ಚು ಘಟಕದ ಚಂದಾ ಹಣದಲ್ಲೇ ಆಗಲಿ.